ಬಾರ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದೆ, ನೆನೆಹಾಕಿದರೆ ವಿಷ ಹೋಗುತ್ತಾ?

ಮೊಳಕೆಕಾಳು:
ನಮಸ್ಕಾರ. ಸಣ್ಣ ಪ್ರಮಾಣದಲ್ಲಿ ಮಾಲ್ಟ್ ಮಾಡುತ್ತೇನೆ, ಅಂದರೆ ಕಾಳು ನೆನೆಸಿ, ಮೊಳಕೆ ಬರಿಸಿ ಒಣಗಿಸುವುದು. ಈ ಸಲದ ಬಾರ್ಲಿಯಲ್ಲಿ ಅಲ್ಲಲ್ಲಿ ಸುಣ್ಣ ಬಳಿದ ಹಾಗೆ ಬಿಳಚಿಕೊಂಡ ಜೊಳ್ಳು ಕಾಳು, ಕೆಲವಕ್ಕೆ ತಿಳಿ ಗುಲಾಬಿ ಬಣ್ಣ ಬೇರೆ. ತೆನೆ ಹೊರಬರುವ ಹೊತ್ತಿಗೆ ಮಳೆ ಹಿಡಿದಿತ್ತಂತೆ. ಪರೀಕ್ಷೆಯ ಸ್ಟ್ರಿಪ್ ಹಾಕಿ ನೋಡಿದೆ, ಡಾನ್ (ಡಿಆಕ್ಸಿನಿವಾಲೆನಾಲ್, ಬೂಷ್ಟು ಮಾಡುವ ವಿಷ) 0.8 ಪಿಪಿಎಂ, ಅಂದರೆ ಕೆಜಿಗೆ 0.8 ಮಿಲಿಗ್ರಾಂ. ಅದು ನೀರಲ್ಲಿ ಕರಗುವ ವಿಷ ಅಂತಾರೆ, ಹಾಗಾದ್ರೆ ನೆನೆಸಿದ ನೀರು ಚೆಲ್ಲಿದರೆ ಮುಗೀತು ಅಲ್ವಾ? ಉಳಿದಿದ್ದು ಮಾಲ್ಟ್ ಒಣಗಿಸುವ ಬಿಸಿಗೆ ಹೋಗಲ್ವಾ?

ಜರಡಿಯಜ್ಜ:
ಅರ್ಧ ಸರಿ. ನೀರಿನ ಜೊತೆ ಡಾನ್ ಬಹಳಷ್ಟು ಹೋಗುತ್ತದೆ, ನಿಜ. ಆದರೆ ಅದನ್ನು ಮಾಡಿದ ಫ್ಯುಸೇರಿಯಂ ಬೂಷ್ಟು ಕಾಳಿನೊಳಗೇ ಕೂತಿರುತ್ತದಲ್ಲ, ಅದು ತೊಳೆದರೆ ಹೋಗುವಂಥದ್ದಲ್ಲ. ನೀವು ಕಾಳಿಗೆ ಶೇಕಡಾ 45ರ ಹತ್ತಿರ ತೇವ ಕೊಟ್ಟು, 15-18 ಡಿಗ್ರಿಯಲ್ಲಿ ನಾಲ್ಕೈದು ದಿನ ಮೊಳಕೆಗೆ ಇಡುತ್ತೀರಿ, ಮೊಳಕೆಗೆ ಹಿತವಾದದ್ದು ಬೂಷ್ಟಿಗೂ ಹಿತವೇ. ಹೊಸದಾಗಿ ಬೆಳೆದು ಹೊಸದಾಗಿ ವಿಷ ಮಾಡುತ್ತದೆ. ಎಷ್ಟೋ ಸಲ ಬಾರ್ಲಿಗಿಂತ ಮಾಲ್ಟಿನಲ್ಲೇ ಜಾಸ್ತಿ ಬರುವುದು ಹೀಗೆ.

ಬಿಸಿಯ ಆಸೆ ಬಿಡಿ. ಒಣಗಿಸುವಾಗ 80-85 ಡಿಗ್ರಿ ಮುಟ್ಟಿದರೆ ಬೂಷ್ಟು ಬಹುಪಾಲು ಸಾಯಬಹುದು, ಡಾನ್ ಜಗ್ಗುವುದಿಲ್ಲ. ಬಿಯರ್ ಮಾಡಿದರೆ ಕುದಿಸುವುದನ್ನೂ ದಾಟಿ ಗ್ಲಾಸಿಗೇ ಬರುತ್ತದೆ. ಬಟ್ಟಿ ಇಳಿಸಿದರೆ ಆವಿಯ ಜೊತೆ ಮೇಲೇಳುವುದಿಲ್ಲ, ತಳದ ಚರಟದಲ್ಲಿ ಉಳಿಯುತ್ತದೆ.

ಮೊಳಕೆಕಾಳು:
ಅಯ್ಯೋ, ಉಲ್ಟಾ ಲೆಕ್ಕ ಹಾಕಿಕೊಂಡಿದ್ದೆ. ಆದರೂ 0.8 ಅಂದರೆ 1ರೊಳಗೇ ಇದೆಯಲ್ಲ?

ತೆನೆಗಾವಲು:
ಆ 1 ಪಿಪಿಎಂ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಜನ ತಿನ್ನುವ ಸಿದ್ಧ ಗೋಧಿ ಪದಾರ್ಥಕ್ಕೆ ಹೇಳಿದ್ದು, ಮೊಳಕೆ ಕಟ್ಟಲು ಹೊರಟ ಬಾರ್ಲಿಗೆ ಅದು ಧೈರ್ಯ ಕೊಡುವ ಅಂಕಿ ಅಲ್ಲ. ಅದಕ್ಕಿಂತ ಮೊದಲು, ಆ 0.8 ಎಷ್ಟು ಕಾಳಿನಿಂದ ಬಂತು? ಒಂದೇ ಚೀಲದ ಬಾಯಿಂದ ಒಂದು ಹಿಡಿ ತೆಗೆದಿದ್ದರೆ ಅದು ಆ ಹಿಡಿಯ ಲೆಕ್ಕ ಅಷ್ಟೇ. ರೋಗ ಬಿದ್ದ ಕಾಳು ರಾಶಿಯಲ್ಲಿ ಒಂದೇ ಸಮ ಹರಡಿರುವುದಿಲ್ಲ, ಹಾಗಾಗಿ ಪರೀಕ್ಷೆಗಿಂತ ಮಾದರಿ ತೆಗೆಯುವುದರಲ್ಲೇ ತಪ್ಪು ಜಾಸ್ತಿ. ಎಲ್ಲ ಚೀಲಗಳಿಂದ, ಮೇಲೆ ನಡು ತಳ ಎಲ್ಲ ಕಡೆಯಿಂದ ತೆಗೆದು, ಕಲಸಿ, ಪೂರ್ತಿ ಪುಡಿ ಮಾಡಿ, ಆ ಪುಡಿಯಿಂದ ತೂಗಿಕೊಂಡು ಮತ್ತೆ ನೋಡಿ.

ಇನ್ನೊಂದು ವಿಷಯ. ಮೊಳಕೆ ಬರುವಾಗ ಗಿಡವೇ ಡಾನ್‌ಗೆ ಒಂದು ಸಕ್ಕರೆ ಅಂಟಿಸಿ ಬಚ್ಚಿಡುತ್ತದೆ. ಪರೀಕ್ಷೆ ಡಾನ್ ಒಂದನ್ನೇ ಹುಡುಕುವಂಥದ್ದಾದರೆ ಇದು ತಪ್ಪಿಸಿಕೊಳ್ಳುತ್ತದೆ, ಹೊಟ್ಟೆಗೆ ಹೋದ ಮೇಲೆ ಕರುಳಿನ ಬ್ಯಾಕ್ಟೀರಿಯಾ ಸಕ್ಕರೆ ಕಿತ್ತು ಮತ್ತೆ ಡಾನ್ ಮಾಡಬಲ್ಲವು.

ನೊರೆಬುರುಗು:
ವಿಷದ ಮಾತು ಪಕ್ಕಕ್ಕಿಟ್ಟರೂ ಇಂಥ ಮಾಲ್ಟ್ ನನಗೆ ಬೇಡ. ಒಂದು ಸಲ ಇಂಥದ್ದರಲ್ಲೇ ಬಿಯರ್ ಮಾಡಿ, ಬಾಟಲಿ ಅಲುಗಿಸದೆ ಮುಚ್ಚಳ ತೆಗೆದೆ, ಅರ್ಧ ಬಾಟಲಿ ಚಾವಣಿಗೆ! ಫ್ಯುಸೇರಿಯಂ ಹೈಡ್ರೋಫೋಬಿನ್ ಅನ್ನೋ ಪುಟ್ಟ ಪ್ರೋಟೀನ್ ಬಿಡುತ್ತದೆ, ಅದು ಗ್ಯಾಸಿನ ಸಣ್ಣ ಸಣ್ಣ ಗುಳ್ಳೆಗಳನ್ನು ಸುತ್ತಿ ಹಿಡಿದಿಟ್ಟುಕೊಂಡು ಮುಚ್ಚಳ ತೆಗೆದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಉಕ್ಕಿಸುತ್ತದೆ. ಡಾನ್ ಕಮ್ಮಿ ಇದ್ದರೂ ಇದು ಆಗಬಹುದು, ಎರಡೂ ಒಂದೇ ಅಳತೆಯಲ್ಲಿ ನಡೆಯಲ್ಲ.

ಮೊಳಕೆಕಾಳು:
ಸರಿ, ಇಡೀ ರಾಶಿ ಬಿಸಾಡಬೇಕಾ ಹಾಗಾದರೆ?

ಜರಡಿಯಜ್ಜ:
ಈಗಲೇ ಬೇಡ. ಮೊದಲು ಗಾಳಿಗೆ ತೂರಿ, ಜರಡಿ ಹಿಡಿಯಿರಿ. ರೋಗದ ಕಾಳು ಹಗುರ, ವಿಷ ಹೆಚ್ಚಾಗಿ ಅದರಲ್ಲೇ ಇರುತ್ತದೆ. ಉಳಿದ ದಪ್ಪ ಕಾಳಿನಲ್ಲಿ ಒಂದೆರಡು ಕೆಜಿ ಮಾತ್ರ ಮಾಲ್ಟ್ ಮಾಡಿ, ಬಾರ್ಲಿಯನ್ನಲ್ಲ, ಆ ಮಾಲ್ಟನ್ನೇ ಪರೀಕ್ಷೆ ಮಾಡಿಸಿ. ಅಂಕಿ ಏರಿದ್ದರೆ ಮೊಳಕೆಗೆ ಈ ರಾಶಿ ಬೇಡವೇ ಬೇಡ. ಅಲ್ಲಿವರೆಗೆ ತೇವ ಶೇಕಡಾ 14ರ ಕೆಳಗಿರಲಿ, ಇಲ್ಲದಿದ್ದರೆ ಗೋದಾಮಿನ ಬೂಷ್ಟು ಹತ್ತಿ ಓಕ್ರಾಟಾಕ್ಸಿನ್ ಅನ್ನೋ ಇನ್ನೊಂದು ವಿಷದ ತಲೆನೋವು.

ತೆನೆಗಾವಲು:
ತೂರಿದ ಜೊಳ್ಳನ್ನು ಸುಮ್ನೆ ಯಾಕೆ ಹಾಳು ಅಂತ ಹಂದಿಗೆ ಹಾಕಬೇಡಿ ಮತ್ತೆ. ದನ ಒಂದಿಷ್ಟು ತಡೆಯುತ್ತದೆ, ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಡಾನನ್ನು ಒಡೆಯುತ್ತವೆ. ಹಂದಿ ಮಾತ್ರ ಮೂತಿ ತಿರುಗಿಸುತ್ತದೆ, ತಿಂದರೆ ವಾಂತಿ. ಈ ವಿಷಕ್ಕೆ ವಾಮಿಟಾಕ್ಸಿನ್ ಅನ್ನೋ ಹೆಸರು ಬಂದಿದ್ದೇ ಹಾಗೆ.

ಮೊಳಕೆಕಾಳು:
ನಾಳೆ ಬೆಳಿಗ್ಗೆ ತೂರುತ್ತೇನೆ. ಎರಡು ಕೆಜಿಯ ಮಾಲ್ಟ್ ಒಣಗಿದ ಮೇಲೆ ಅಂಕಿ ಇಲ್ಲೇ ಹಾಕುತ್ತೇನೆ.