ವುಜು ಮುಗಿಯೋದೇ ಇಲ್ಲ, ಏನು ಮಾಡಲಿ?

ಪ್ರಶ್ನೆ (ಭಟ್ಕಳ): ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವುಜುಗೆ ಕೂತರೆ ಇಪ್ಪತ್ತು ನಿಮಿಷ. ಮೊಣಕೈ ಒದ್ದೆ ಆಯ್ತೋ ಇಲ್ವೋ ಅಂತ ಮತ್ತೆ ಮತ್ತೆ ತೊಳೆಯುತ್ತೇನೆ, ಅಷ್ಟರಲ್ಲಿ ಜಮಾತ್ (ಸಾಮೂಹಿಕ ನಮಾಜು) ಮುಗಿದಿರುತ್ತದೆ. ಆಮೇಲೆ ನಿಯ್ಯತ್ (ನಮಾಜಿನ ಸಂಕಲ್ಪ) ಸರಿಯಾಯ್ತಾ ಅಂತ ನಮಾಜು ಶುರು ಮಾಡುವ ತಕ್ಬೀರ್, ಅಂದರೆ ‘ಅಲ್ಲಾಹು ಅಕ್ಬರ್’, ನಾಲ್ಕೈದು ಸಲ. ಬೇಸಿಗೆಯಲ್ಲಿ ಬಾವಿ ತಳ ಕಾಣುವಾಗ ಅಮ್ಮನ ಹತ್ತಿರ ಬೈಸಿಕೊಂಡೆ.

ಹೊನ್ನಾವರ: ತಮ್ಮಾ, ಹೀಗೆ ಬಿಡದೆ ಕಾಡುವ ಸಂಶಯಕ್ಕೇ ವಸ್ವಾಸ್ ಅನ್ನುವುದು. ಖಚಿತವಾಗಿ ಇದ್ದದ್ದು ಬರೀ ಸಂಶಯದಿಂದ ಹೋಗುವುದಿಲ್ಲ, ಇಸ್ಲಾಮಿನ ಧರ್ಮಶಾಸ್ತ್ರ ಫಿಕ್ಹ್‌ನ ದೊಡ್ಡ ನಿಯಮ ಇದು. ಗಾಳಿ ಹೋಗಿ ವುಜು ಮುರಿಯಿತಾ ಅಂತ ಅನುಮಾನ ಬಂದರೆ ಸದ್ದು ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಜು ಬಿಡಬೇಡ ಅಂತ ಹದೀಸ್ (ಪ್ರವಾದಿಯವರ ಮಾತು) ಇದೆ. ಸರಿಯಾಗಿ ಒಮ್ಮೆ ತೊಳೆದರೆ ಫರ್ಜ್ (ಕಡ್ಡಾಯ) ಆಯ್ತು, ಮೂರು ಸಲ ಸುನ್ನತ್ (ಪ್ರವಾದಿಯವರ ರೂಢಿ). ನಾಲ್ಕನೆಯದು ಯಾಕೆ? ಪ್ರವಾದಿಯವರು ಒಂದು ಮುದ್ದ್ ನೀರಲ್ಲಿ ವುಜು ಮುಗಿಸುತ್ತಿದ್ದರು, ಒಂದು ಲೀಟರೂ ಇಲ್ಲ ಅದು. ನಲ್ಲಿ ಬಿಡು, ಚೊಂಬಲ್ಲಿ ಮಾಡು.

ಕಾರವಾರ: ಭಾಯ್, ನನಗೂ ಇತ್ತು. ಈಮಾನ್ (ದೇವರ ಮೇಲಿನ ನಂಬಿಕೆ) ಕಡಿಮೆ ಅಂತ ಯಾರೋ ಹೇಳಿದ್ದು ಕೇಳಿ ಎರಡು ವರ್ಷ ಸುಮ್ನೆ ಕೊರಗಿದೆ, ಕೊನೆಗೆ ಡಾಕ್ಟರ್ ಒಸಿಡಿ ಅಂದರು, ಬೇಡವೆಂದರೂ ಅದೇ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಮಾನಸಿಕ ಕಾಯಿಲೆ. ಮಾತ್ರೆ ಜೊತೆಗೆ ಒಂದು ಅಭ್ಯಾಸ ಕೊಟ್ಟರು: ತೊಳೆಯಬೇಕು ಅನ್ನಿಸಿದರೂ ತೊಳೆಯದೆ ಹಾಗೇ ಇರುವುದು. ಮೊದಲ ವಾರ ಎದೆ ಡವಡವ, ಆಮೇಲೆ ನಿಧಾನ ಇಳಿಯಿತು. ಅಲ್ಲಿ ಇಲ್ಲಿ ಓಡಾಡುವ ಮೊದಲು 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ.

ಭಟ್ಕಳ: ಇವತ್ತು ಇಳಿಹೊತ್ತಿನ ನಮಾಜು ಅಸರ್‌ಗೆ ಒಂದೇ ಚೊಂಬು. ಕೈ ನಡುಗಿತು, ಆದರೆ ಜಮಾತ್ ಸಿಕ್ಕಿತು.