ಸಹಾಯ ಬೇಕು: ಸರ್ವೆ ಮರದ ಸಾರವೆ ಇರೋ ಕಡೆ ಕ್ಯಾಚ್ ಪ್ಲಾಟ್‌ಫಾರ್ಮ್‌ಗೆ (ಮೇಲಿಂದ ಬೀಳೋ ಚೂರು ಹಿಡಿಯೋ ಅಟ್ಟಣಿಗೆಗೆ) ಆಧಾರ ಎಲ್ಲಿ ಕೊಡೋದು?

ಮೈಸೂರು ವಿಜಯನಗರದಲ್ಲಿ ಜಿ ಪ್ಲಸ್ ತ್ರೀ ಕಟ್ಟಡ, ಹೊರಗಡೆ ಪ್ಲಾಸ್ಟರಿಂಗ್ ನಡೀತಿದೆ. ಸಾರವೆ ಪೂರ್ತಿ ಸರ್ವೆ ಮರ, ನಾರಿನ ಹಗ್ಗ. ಒಂದು ಬದಿ ರಸ್ತೆ, ಶಾಲೆ ಮಕ್ಕಳು ಓಡಾಡ್ತಾರೆ. ಅದೇ ಭಯ. 12 ಮೀಟರ್ ಮೇಲಿಂದ ಬಿದ್ದ ಇಟ್ಟಿಗೆ ಚೂರು ನೆಲ ಮುಟ್ಟೋ ಹೊತ್ತಿಗೆ ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿರುತ್ತೆ. ಕೆಲಸಗಾರರಿಗೆ ಐಎಸ್ 2925 ಹೆಲ್ಮೆಟ್ ಇದೆ, ದಾರಿಹೋಕರಿಗೆ ಏನೂ ಇಲ್ಲ.

ಹಲಗೆ ಅಂಚಿಗೆ 150 ಎಂಎಂ ಟೋ ಬೋರ್ಡ್ (ಸಾಮಾನು ಕೆಳಗೆ ಜಾರದ ಹಾಗೆ ತಡೆಯೋ ಪಟ್ಟಿ) ಹೊಡೆದಾಗಿದೆ. ಕರಣೆ, ಸುತ್ತಿಗೆಗೆ ದಾರ ಕಟ್ಟಿದೆ. ಆದ್ರೂ ಗೋಡೆ ಮತ್ತು ಹಲಗೆ ನಡುವಿನ ಸಂದಿಯಿಂದ ಗಾರೆ ಉಂಡೆ, ಚೂರು ಜಾರಿ, ಕೆಳಗಿನ ಅಡ್ಡ ಮರಕ್ಕೆ ಬಡಿದು ರಸ್ತೆ ಕಡೆ ಸಿಡಿಯುತ್ತೆ. ಹಸಿರು ಶೇಡ್ ನೆಟ್ ಧೂಳು ತಡೆಯುತ್ತೆ ಅಷ್ಟೆ, ಅರ್ಧ ಇಟ್ಟಿಗೆ ಬಿದ್ರೆ ಹರಿಯುತ್ತೆ. ಸೇಫ್ಟಿ ನೆಟ್ ಕಣ್ಣು ದೊಡ್ಡದು, ಅದರ ಮೇಲೆ ಸಣ್ಣ ಕಣ್ಣಿನ ಬಲೆ ಹಾಸಲೇಬೇಕು.

ಈಗ ಮೊದಲ ಮಹಡಿ ಮಟ್ಟದಲ್ಲಿ, ಸಾರವೆಯಿಂದ ಆಚೆಗೆ 1.5 ಮೀಟರ್ ಚಾಚಿ, ಕಟ್ಟಡದ ಕಡೆ ಇಳಿಜಾರಾಗಿ ಪ್ಲಾಟ್‌ಫಾರ್ಮ್ ಹಾಕಬೇಕು. ಸರ್ವೆ ಮರಕ್ಕೇ ಕಟ್ಟಿದ್ರೆ ಭಾರಕ್ಕೆ ಸಾರವೆ ಹೊರಗೆ ವಾಲುತ್ತೆ, ಮಳೆಗೆ ಹಗ್ಗದ ಗಂಟೂ ಸಡಿಲ. ಸ್ಲ್ಯಾಬ್‌ಗೆ ಆಂಕರ್ ಹಾಕಿದ್ರೆ ಪ್ಲಾಸ್ಟರ್‌ನಲ್ಲಿ ತೂತು ಉಳಿಯುತ್ತೆ. ಕಿಟಕಿ ಒಳಗಿಂದ ಪೈಪ್ ತೂರಿಸೋಣ ಅಂದ್ರೆ ಕಿಟಕಿಗಳ ನಡುವೆ 3 ಮೀಟರ್ ಅಂತರ.

ಕಿಟಕಿಯಿಂದ ಪೈಪ್ ಚಾಚಿ ಕೆಲಸ ಮಾಡಿಸಿದವರು ಹೇಳಿ: 3 ಮೀಟರ್ ಅಂತರಕ್ಕೆ ಯಾವ ಸೈಜ್ ಪೈಪ್ ಹಾಕಿದ್ರಿ, ಒಳಗಡೆ ತುದಿ ಏಳದಂತೆ ಹೇಗೆ ಬಿಗಿ ಮಾಡಿದ್ರಿ?