ನೋಹನ ನಾವೆ ಬ್ಯಾಬಿಲೋನಿನದ್ದಾ?

ಹಳೆಹಾಳೆ:
ನೋಹನ ಜಲಪ್ರಳಯದ ಕಥೆ ಬೈಬಲಿನ ಸ್ವಂತದ್ದಲ್ಲ, ಬ್ಯಾಬಿಲೋನ್ ಇದ್ದ ಮೆಸೊಪೊಟೇಮಿಯಾದಿಂದ, ಅಂದರೆ ಇಂದಿನ ಇರಾಕಿನ ಕಡೆಯಿಂದ ಬಂದದ್ದು. ಇದನ್ನು ಇನ್ನೂ ಒಪ್ಪದವರು ಇಲ್ಲಿ ಇದ್ದಾರಾ? 1872ರ ಡಿಸೆಂಬರ್ 3ರಂದು ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್ ಎಂಬಾತ ಒಂದು ಮಣ್ಣಿನ ಫಲಕ ಓದಿ ಹೇಳಿದ. ಅಸಿರಿಯಾದ ರಾಜಧಾನಿ ನಿನೆವೆಯಲ್ಲಿ ಅಶುರ್ಬನಿಪಾಲ್ ರಾಜನ ಗ್ರಂಥಾಲಯದಲ್ಲಿ ಸಿಕ್ಕ, ಗಿಲ್ಗಮೆಶ್ ಎಂಬ ಹಳೆಯ ಮೆಸೊಪೊಟೇಮಿಯನ್ ಕಾವ್ಯದ 11ನೇ ಫಲಕ ಅದು. ಸ್ಮಿತ್ ನೋಟು ಅಚ್ಚಿಡುವ ಕೆತ್ತನೆ ಕೆಲಸ ಕಲಿತವನು, ಕಾಲೇಜಿನ ಮುಖ ನೋಡಿದವನಲ್ಲ. ಕೇಳೋಕೆ ಪ್ರಧಾನಿ ಗ್ಲ್ಯಾಡ್‌ಸ್ಟನ್ ಕೂತಿದ್ದರು. ಕಥೆ ಏನು ಅಂದರೆ, ದೇವರೊಬ್ಬ ಉತ್ನಪಿಶ್ತಿಮ್‌ಗೆ ಗುಟ್ಟಾಗಿ ದೋಣಿ ಕಟ್ಟು ಅನ್ನುತ್ತಾನೆ, ಮಳೆ ಬರುತ್ತದೆ, ದೋಣಿ ಬೆಟ್ಟಕ್ಕೆ ಸಿಕ್ಕಿಕೊಳ್ಳುತ್ತದೆ, ಅವನು ಪಾರಿವಾಳ ಬಿಡುತ್ತಾನೆ, ಕಾಗೆ ಬಿಡುತ್ತಾನೆ, ಕೊನೆಗೆ ಬಲಿ ಕೊಡುತ್ತಾನೆ. ನೋಹನ ಕಥೆಯಲ್ಲೂ ದೋಣಿ, ಬೆಟ್ಟ, ಹಕ್ಕಿ, ಬಲಿ ಎಲ್ಲ ಇದೆ. ಇಷ್ಟೂ ಕಾಕತಾಳೀಯ ಅಂತೀರಾ?

ಕಡಲತಡಿ:
"ಅಶುರ್ಬನಿಪಾಲ್ ರಾಜನ ಗ್ರಂಥಾಲಯ" ಅಂದ್ರಲ್ಲ ಮಾರಾಯ್ರೆ, ಅವನ ಕಾಲ ಕ್ರಿ.ಪೂ. 7ನೇ ಶತಮಾನ. ನೋಹ ಬರುವುದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ. ಆ ಕಥೆ ಅದಕ್ಕಿಂತ ಹಳೆಯದು ಅಂತ ನಂಬುವವರು ನಾವು. ಹಾಗಾದ್ರೆ ಯಾರು ಯಾರಿಂದ ತಗೊಂಡರು?

ಹಳೆಹಾಳೆ:
ಅದು ತೀರಾ ಆಮೇಲಿನ ಒಂದು ಪ್ರತಿ ಅಷ್ಟೇ. ಅತ್ರಹಸಿಸ್ ಅಂತ ಇನ್ನೊಂದು ಕಾವ್ಯ ಇದೆ. ಅದರಲ್ಲೂ ಇದೇ ಪ್ರಳಯ. ಮನುಷ್ಯರ ಗಲಾಟೆಗೆ ಎನ್ಲಿಲ್ ದೇವರಿಗೆ ನಿದ್ದೆ ಬರಲಿಲ್ಲವಂತೆ, ಅದಕ್ಕೆ ಎಲ್ಲರನ್ನೂ ಮುಳುಗಿಸೋಕೆ ಹೊರಟ! ಅದರ ಪ್ರತಿ ಬ್ಯಾಬಿಲೋನಿನ ಅಮ್ಮಿ-ಸದುಕ ರಾಜನ ಕಾಲದ್ದು, ಅಂದರೆ ಕ್ರಿ.ಪೂ. 17ನೇ ಶತಮಾನ. ಬರೆದವನ ಹೆಸರು ಸಮೇತ ಇದೆ. ಆದಿಕಾಂಡ ಬರೆದ ಮೋಶೆ ಇದ್ದ ಅಂತ ನೀವು ಹೇಳುವ ಕಾಲಕ್ಕಿಂತಲೂ ಹಿಂದಿನದು.

ಕಡಲತಡಿ:
"ನಿದ್ದೆ ಬರಲಿಲ್ಲ." ನೀವೇ ಹೇಳಿದ್ರಿ. ಗಲಾಟೆಗೆ ಸಿಟ್ಟಾಗುವ ದೇವರೆಲ್ಲಿ, ಅನ್ಯಾಯಕ್ಕೆ ಸಿಟ್ಟಾಗುವ ದೇವರೆಲ್ಲಿ? ಗಿಲ್ಗಮೆಶ್‌ನಲ್ಲಿ ಬಲಿಯ ವಾಸನೆಗೆ ದೇವತೆಗಳು ನೊಣಗಳ ಹಾಗೆ ಮುತ್ತುತ್ತಾರೆ. ಅದನ್ನೂ ಇದನ್ನೂ ಒಂದೇ ಅನ್ನುವುದು ಸರಿಯಲ್ಲ.

ತರ್ಕಪ್ಪ:
ವಾಸನೆ ವಿಷಯ ಎತ್ತಬಾರದಿತ್ತು ಸಾರ್. ಆದಿಕಾಂಡ 8:21 ತೆಗೆದು ನೋಡಿ, ನೋಹನ ಬಲಿಯ ಸುವಾಸನೆ ಬೈಬಲಿನ ದೇವರು ಯೆಹೋವನೂ ಮೂಸುತ್ತಾನೆ. ನೊಣ ಹೋಯಿತು, ಮೂಗು ಉಳಿಯಿತು.

ಮನುಕುಲ:
ಎಲ್ಲರೂ ಪಶ್ಚಿಮಕ್ಕೇ ಮುಖ ಮಾಡಿ ಕೂತಿದ್ದೀರಲ್ಲ. ಶತಪಥ ಬ್ರಾಹ್ಮಣದಲ್ಲಿ ಮನುವಿಗೆ ಮೀನು ಹೇಳಿದ್ದೂ ಇದನ್ನೇ. ದೋಣಿ, ಪ್ರಳಯ, ಉತ್ತರದ ಬೆಟ್ಟ. ಇದು ಇಲ್ಲಿಂದಲೇ ಅಲ್ಲಿಗೆ ಹೋಗಿದ್ದು.

ತರ್ಕಪ್ಪ:
ಋಗ್ವೇದದಲ್ಲಿ ಈ ಕಥೆ ಇದೆಯಾ? ಇಲ್ಲ. ಮನುವಿನ ದೋಣಿಯಲ್ಲಿ ಪ್ರಾಣಿಗಳು ಇವೆಯಾ? ಇಲ್ಲ. ಹಕ್ಕಿ ಬಿಟ್ಟನಾ? ಇಲ್ಲ. ಮುಂದೆ.

ಮನುಕುಲ:
"ಮುಂದೆ" ಅಂತೆ. ಇವರು ಬಸ್ಸಿನ ಕಂಡಕ್ಟರ್.

ಹಳೆಹಾಳೆ:
ದಯವಿಟ್ಟು ದೋಣಿಗೆ ಬನ್ನಿ. 2014ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಒಂದು ಫಲಕದ ವಿಷಯ ಪ್ರಕಟಿಸಿದರು. ಮೊಬೈಲ್ ಫೋನಿನಷ್ಟು ದೊಡ್ಡದು, 60 ಸಾಲು. ಅದರ ಪ್ರಕಾರ ದೋಣಿ ದುಂಡಗೆ ಇತ್ತು. ನೆಲದ ವಿಸ್ತಾರ 3,600 ಚದರ ಮೀಟರ್, ನಾರಿನ ಹಗ್ಗ ಸುತ್ತಿ ಕಟ್ಟಿ ಡಾಂಬರು ಬಳಿದದ್ದು. ನಮ್ಮ ತುಂಗಭದ್ರೆಯ ಹರಿಗೋಲು ನೆನಪು ಮಾಡಿಕೊಳ್ಳಿ, ಅದೇ. ಪ್ರಾಣಿಗಳು ಎರಡೆರಡು ಅನ್ನುವ ಮಾತು ಕೂಡ ಆ ಫಲಕದಲ್ಲೇ ಇದೆ ಅಂತ ಅವರು ಓದಿದ್ದಾರೆ.

ಗಂಗಾವತಿ ಹೈದ:
"ತುಂಗಭದ್ರೆಯ ಹರಿಗೋಲು... ಅದೇ" ಅಂದ್ರಾ? ಏನ್ರೀ ಇದು! ನಾನು ಆನೆಗೊಂದಿ ಕಡೆಯವನು, ಹರಿಗೋಲಿನಲ್ಲಿ ಹೊಳೆ ದಾಟಿಕೊಂಡೇ ಬೆಳೆದವನು. ಬಿದಿರಿನ ದಬ್ಬೆ ಹೆಣೆದು ಮಾಡಿದ ಬುಟ್ಟಿ ಅದು. ಹತ್ತು ಜನ ಹತ್ತಿದರೆ ಅಂಬಿಗ ಬೈಯುತ್ತಾನೆ. ಇದರಲ್ಲಿ ಆನೆ ಒಂಟೆ ಹತ್ತಿಸುತ್ತೀರಾ?

ತರ್ಕಪ್ಪ:
ಹಾಗೇ ಹೇಳಿ. ಆಕಾರ ದುಂಡಗಿದ್ದ ಮಾತ್ರಕ್ಕೆ ಹರಿಗೋಲು ಆಗುವುದಿಲ್ಲ. ರೊಟ್ಟಿನೂ ದುಂಡಗಿದೆ.

ಹಳೆಹಾಳೆ:
ಇರಾಕಿನ ಕುಫ್ಫಾ ಕೇಳಿದ್ದೀರಾ? 20ನೇ ಶತಮಾನದಲ್ಲೂ ಬಾಗ್ದಾದಿನಲ್ಲಿ ಟೈಗ್ರಿಸ್ ದಾಟಿಸುತ್ತಿದ್ದ ದುಂಡು ದೋಣಿ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೂಡ ಬರೆದಿದ್ದಾನೆ. ಚರ್ಮ ಹೊದಿಸಿದ, ಗುರಾಣಿಯ ಹಾಗೆ ದುಂಡಗಿನ ದೋಣಿಗಳು ಬ್ಯಾಬಿಲೋನಿಗೆ ಸರಕು ಹೊತ್ತು ಬರುತ್ತಿದ್ದವು, ಒಂದೊಂದರಲ್ಲೂ ಒಂದು ಕತ್ತೆ. ದೊಡ್ಡವು 5,000 ಟ್ಯಾಲೆಂಟ್ (ಆ ಕಾಲದ ತೂಕದ ಅಳತೆ) ಭಾರ ಹೊರುತ್ತಿದ್ದವಂತೆ.

ಗಂಗಾವತಿ ಹೈದ:
"ಒಂದು ಕತ್ತೆ." ಒಂದು! ಅದೂ ಯಾಕೆ? ನದಿಯಲ್ಲಿ ವಾಪಸ್ ಮೇಲಕ್ಕೆ ಬರೋಕೆ ಆಗುವುದಿಲ್ಲ ಅಂತ. ದೋಣಿ ಬಿಚ್ಚಿ ಕಟ್ಟಿಗೆ ಮಾರಿ, ಚರ್ಮ ಕತ್ತೆ ಮೇಲೆ ಹೇರಿ ನಡೆದುಕೊಂಡು ಹೋಗುತ್ತಿದ್ದರು. ಅದನ್ನೂ ಹೆರೊಡೋಟಸೇ ಬರೆದಿದ್ದಾನೆ, ನೀವು ಬಿಟ್ಟಿರಿ.

ಮನುಕುಲ:
ಒಂದು ನಿಮಿಷ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ. ಅಲ್ಲಿನ ಹೊಳೆಯಲ್ಲಿ ಬುಟ್ಟಿಯಂಥ ದುಂಡು ದೋಣಿ ನೋಡಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಕೂರಬಹುದು, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ. ನಿಮ್ಮೂರ ಹರಿಗೋಲಿನ ತಾಕತ್ತು ನಿಮಗೇ ಗೊತ್ತಿಲ್ಲ.

ಗಂಗಾವತಿ ಹೈದ:
ನನಗೆ ಗೊತ್ತಿಲ್ಲವಾ? ನಮ್ಮ ಅಜ್ಜ ಹರಿಗೋಲು ಹೆಣೆಯುತ್ತಿದ್ದರು ಸ್ವಾಮಿ. ಪುಸ್ತಕ ಓದಿ ನಮಗೆ ನಮ್ಮ ಹೊಳೆ ತೋರಿಸಬೇಡಿ.

ತರ್ಕಪ್ಪ:
ಪಾಯೆಸ್‌ನ ಆ ವಾಕ್ಯ ಅರ್ಧಕ್ಕೇ ನಿಲ್ಲಿಸಿದ್ದು ಯಾಕೆ ಮನುಕುಲ ಅವರೇ? ಬೇಕಾದರೆ ಕುದುರೆ ಎತ್ತು ದಾಟಿಸಬಹುದು, ಆದರೆ ಸಾಮಾನ್ಯವಾಗಿ ಅವು ಈಜಿಕೊಂಡೇ ದಾಟುತ್ತವೆ ಅನ್ನುತ್ತಾನೆ. ದೋಣಿ ನೆಟ್ಟಗೆ ಹೋಗುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ ಅಂತಲೂ ಇದೆ.

ಮನುಕುಲ:
"ದಾಟಿಸಬಹುದು" ಅಂತ ನೀವೇ ಒಪ್ಪಿದ್ರಲ್ಲ. ಸಾಕು.

ತರ್ಕಪ್ಪ:
ಒಪ್ಪಿದ್ದು ಯಾವಾಗ? ಓದೋಕೆ ಬರುತ್ತಾ ನಿಮಗೆ? ಅವನು ಹೇಳಿದ್ದನ್ನು ಹೇಳಿದೆ. ಇಂಥವರ ಜೊತೆ ವಾದ ಮಾಡುವುದಕ್ಕಿಂತ ಗೋಡೆ ಜೊತೆ ಮಾಡಬಹುದು, ಅದು ತಿರುಚುವುದಿಲ್ಲ.

ಹಳೆಹಾಳೆ:
ಸಿಟ್ಟು ಬೇಡ. "ನೆಟ್ಟಗೆ ಹೋಗುವುದೇ ಇಲ್ಲ" ಅನ್ನುವುದು ನನ್ನ ಕಡೆಗೇ ಬರುತ್ತದೆ. ಪ್ರಳಯದಲ್ಲಿ ಹೋಗೋದು ಎಲ್ಲಿಗೆ? ಊರೇ ಇಲ್ಲ. ತೇಲಿದರೆ ಸಾಕು. ಮುಂದಕ್ಕೆ ಚೂಪಾದ ಹಡಗು ಯಾಕೆ ಬೇಕು? ಆ ಫಲಕ ಹೇಳಿದ ಹಾಗೇ ಐದನೇ ಒಂದು ಅಳತೆಯಲ್ಲಿ ಕೇರಳದಲ್ಲಿ ಕಟ್ಟಿ ನೋಡಿದರು, ತೇಲಿತು.

ಗಂಗಾವತಿ ಹೈದ:
ನೀರು ಒಳಗೆ ಬಂತಾ ಇಲ್ಲವಾ? ಅದನ್ನು ಹೇಳಿ.

ಹಳೆಹಾಳೆ:
ಬಂತು. ಒಳ್ಳೆ ಡಾಂಬರು ಸಿಗಲಿಲ್ಲ.

ಗಂಗಾವತಿ ಹೈದ:
ಹ್ಹಹ್ಹ. ಡಾಂಬರಿನ ಮೇಲೆ ಹಾಕಿದರು. ಹೆಣಿಗೆ ಬರದಿದ್ದವನೂ ಹಾಗೇ ಹೇಳುತ್ತಾನೆ.

ಕಡಲತಡಿ:
ನಿಮ್ಮ ಹರಿಗೋಲು ಜಗಳದಲ್ಲಿ ನನ್ನ ಪ್ರಶ್ನೆ ಮುಳುಗಿಹೋಯ್ತು. ಆದ್ರೂ ಥ್ಯಾಂಕ್ಸ್, ಕೆಲಸ ಸುಲಭ ಮಾಡಿದ್ರಿ. ಆ ಫಲಕದಲ್ಲಿ ದೋಣಿ ದುಂಡಗೆ. ಗಿಲ್ಗಮೆಶ್‌ನಲ್ಲಿ ಉದ್ದ, ಅಗಲ, ಎತ್ತರ ಎಲ್ಲ 120 ಮೊಳ, ಅಂದ್ರೆ ಪೆಟ್ಟಿಗೆ. ಆದಿಕಾಂಡದಲ್ಲಿ 300 ಮೊಳ ಉದ್ದ, 50 ಅಗಲ, 30 ಎತ್ತರ. ಮೂರೂ ಬೇರೆ. ಕಾಪಿ ಹೊಡೆದವನು ಅಳತೆಯನ್ನೂ ಕಾಪಿ ಹೊಡೀತಿರಲಿಲ್ವಾ? ಮೂರು ಜನ ಒಂದೇ ಅಪಘಾತ ನೋಡಿದ್ರೆ ಮೂರು ಥರ ಹೇಳ್ತಾರೆ. ಅಪಘಾತ ಆಗಿದ್ದಂತೂ ನಿಜ. ಪುರಾತತ್ವಜ್ಞ ವೂಲಿ ಮೆಸೊಪೊಟೇಮಿಯಾದ ಉರ್ ಪಟ್ಟಣದಲ್ಲಿ ಅಗೆದಾಗ ದಪ್ಪ ಕೆಸರಿನ ಪದರ ಸಿಕ್ಕಿದ್ದು ಸುಳ್ಳಾ?

ತರ್ಕಪ್ಪ:
ಉರ್‌ನಲ್ಲಿ ಸಿಕ್ಕಿತು. ಪಕ್ಕದ ಎರಿಡುವಿನಲ್ಲಿ ಸಿಗಲಿಲ್ಲ. ಕಿಶ್‌ನಲ್ಲಿ ಸಿಕ್ಕ ಪದರದ ಕಾಲ ಬೇರೆ. ಎರಡು ನದಿಗಳ ನಡುವೆ ಇರುವ ನಾಡು, ನೆರೆ ಬರುತ್ತಲೇ ಇತ್ತು. ಲೋಕ ಮುಳುಗಿದರೆ ಪಕ್ಕದ ಊರು ಒಣಗಿ ಉಳಿಯುತ್ತದಾ?

ಕಡಲತಡಿ:
"ನೆರೆ ಬರುತ್ತಲೇ ಇತ್ತು." ಅಂದ್ರೆ ನೆರೆ ಬಂದಿದ್ದು ನಿಜ ಅಂತ ನೀವೂ ಒಪ್ಪುತ್ತೀರಿ.

ತರ್ಕಪ್ಪ:
ಅಯ್ಯೋ ದೇವರೇ.

ಕಡಲತಡಿ:
ಅವನನ್ನೂ ಕರೆದ್ರಿ, ಒಳ್ಳೆಯದು.

ಹಳೆಹಾಳೆ:
ಅಳತೆ ಬೇರೆ ಆದರೂ ಒಂದು ವಿಷಯ ನೋಡಿ. ನೋಹ ನಾವೆಗೆ ಬಳಿಯುವ ಪದಾರ್ಥಕ್ಕೆ ಹೀಬ್ರೂ ಮೂಲದಲ್ಲಿ 'ಕೊಫೆರ್' ಅಂತ ಇದೆ. ಬ್ಯಾಬಿಲೋನಿನವರ ಅಕ್ಕಾಡಿಯನ್ ಭಾಷೆಯಲ್ಲಿ ಡಾಂಬರಿಗೆ 'ಕುಪ್ರು'. ಬ್ಯಾಬಿಲೋನಿನವರು ಸೆರೆ ಹಿಡಿದು ಒಯ್ದ ಯೆಹೂದದ ರಾಜ ಯೆಹೋಯಾಖೀನನಿಗೆ ಬ್ಯಾಬಿಲೋನಿನ ಅರಮನೆಯಿಂದ ಎಣ್ಣೆ ಪಡಿ ಕೊಟ್ಟ ಲೆಕ್ಕದ ಫಲಕಗಳೇ ಸಿಕ್ಕಿವೆ. ಹಾಗೆ ಸೆರೆ ಹೋದ ಯೆಹೂದ್ಯರು ಅಲ್ಲೇ ತಲೆಮಾರುಗಟ್ಟಲೆ ಇದ್ದರು. ಅಲ್ಲಿನ ಕಥೆ ಕಿವಿಗೆ ಬೀಳಲಿಲ್ಲ ಅಂದರೆ ಯಾರು ನಂಬುತ್ತಾರೆ?

ಕಡಲತಡಿ:
ಹೀಬ್ರೂ, ಅಕ್ಕಾಡಿಯನ್ ಎರಡೂ ಅಕ್ಕತಂಗಿ ಭಾಷೆಗಳು. ಪದ ಹೋಲಿದ್ರೆ ಅದು ಸಾಲ ಅಲ್ಲ. ಕನ್ನಡದ 'ಹಾಲು' ತಮಿಳಿನ 'ಪಾಲ್' ಹೋಲುತ್ತದೆ ಅಂತ ನಾವು ಹಸುವನ್ನೇ ಕದ್ದುಕೊಂಡು ಬಂದ್ವಾ?

ಹಳೆಹಾಳೆ:
ಉದಾಹರಣೆ ಚೆನ್ನಾಗಿದೆ, ಆದರೆ ತಪ್ಪು ಜಾಗದಲ್ಲಿದೆ. ಮಗು ಮೋಶೆಯನ್ನು ಬಿಟ್ಟ ಬುಟ್ಟಿಗೂ ಡಾಂಬರು ಬಳಿಯುತ್ತಾರೆ, ವಿಮೋಚನಕಾಂಡ 2:3. ಅಲ್ಲಿ 'ಕೊಫೆರ್' ಇಲ್ಲ, 'ಹೆಮಾರ್' ಇದೆ. ಅಂದರೆ ಡಾಂಬರಿಗೆ ಹೀಬ್ರೂನಲ್ಲೇ ಬೇರೆ ಪದ ಇತ್ತು. ಈ ಅರ್ಥದಲ್ಲಿ 'ಕೊಫೆರ್' ಬರುವುದು ನೋಹನ ಕಥೆಯಲ್ಲಿ ಮಾತ್ರ. ಯಾಕೆ?

ಮನುಕುಲ:
ಬುಟ್ಟಿಯಲ್ಲಿ ಮಗು ಅಂದ್ರೆ ಕರ್ಣ. ಇದೂ ಇಲ್ಲಿಂದಲೇ ಹೋಗಿದ್ದು.

ತರ್ಕಪ್ಪ:
ಹಳೆಯ ಮೆಸೊಪೊಟೇಮಿಯಾದ ರಾಜ, ಅಕ್ಕಾಡ್‌ನ ಸಾರ್ಗೋನ್‌ನನ್ನೂ ತಾಯಿ ಬುಟ್ಟಿಯಲ್ಲಿಟ್ಟು ಡಾಂಬರು ಹಾಕಿ ನದಿಗೆ ಬಿಟ್ಟಳಂತೆ, ನೀರು ಸೇದುವವನೊಬ್ಬ ಎತ್ತಿಕೊಂಡನಂತೆ. ಅವನನ್ನೂ ಸೂತಪುತ್ರ ಮಾಡಿಬಿಡಿ.

ಕಡಲತಡಿ:
ಹಳೆಹಾಳೆ ಅವರೇ, ಒಂದು ಪದದ ಮೇಲೆ ಇಡೀ ನಾವೆ ನಿಲ್ಲಿಸ್ತಿದ್ದೀರಿ. ಭಾನುವಾರ ನಮ್ಮ ಫಾದರ್ ಹತ್ರ 'ಕೊಫೆರ್' ಬಗ್ಗೆ ಕೇಳ್ತೇನೆ. ಕೇಳ್ತೇನೆ ಅಂದದ್ದಷ್ಟೇ, ಒಪ್ಪಿದೆ ಅಂತ ಬರೆದುಕೊಳ್ಳಬೇಡಿ.

ಗಂಗಾವತಿ ಹೈದ:
ಡಾಂಬರು ಅಂದಾಗ ನೆನಪಾಯಿತು. ನಮ್ಮಲ್ಲಿ ಚರ್ಮ ಬಿಟ್ಟು ಪ್ಲಾಸ್ಟಿಕ್ ಚೀಲಕ್ಕೆ ಬಂದಿದ್ದಾರೆ, ಹಚ್ಚುವುದು ಮಾತ್ರ ಇವತ್ತಿಗೂ ಡಾಂಬರೇ. ಕೇರಳದವರು ಒಂದು ಮಾತು ಕೇಳಿದ್ದರೆ ನಾವೇ ಬಂದು ಹಚ್ಚಿಕೊಡುತ್ತಿದ್ದೆವು.

ಹಳೆಹಾಳೆ:
ಅಂದರೆ ಡಾಂಬರು ಸರಿ ಇದ್ದಿದ್ದರೆ ನೀರು ಒಳಗೆ ಬರುತ್ತಿರಲಿಲ್ಲ ಅಂತಾಯಿತು ಅಲ್ವಾ?

ಗಂಗಾವತಿ ಹೈದ:
ನಾನು ಹಾಗೆ ಹೇಳಲಿಲ್ಲ ರೀ. ಆನೆ ಇಳಿಸಿ, ಆಮೇಲೆ ಮಾತಾಡೋಣ.